ಕೋಯ್ ಮರಿ ಆರಿಸಲು ನೀಲಿ ಡ್ರಮ್ಮಿನ ತೊಟ್ಟಿ

ಕೆರೆ ದಡದಲ್ಲಿ ನಿಂತು ಕೋಯ್ ಎಂಬ ಬಣ್ಣದ ಅಲಂಕಾರ ಮೀನಿನ ಮರಿ ಆರಿಸಲು ಹೊರಟರೆ ಕಣ್ಣಿಗೆ ಬೀಳುವುದು ಕೆಂಪೊಂದೇ. ಕೊಡಗಿನ ನಮ್ಮ ಸುಂಟಿಕೊಪ್ಪದ ಕಡೆ ಕೆರೆನೀರು ವರ್ಷದ ಮುಕ್ಕಾಲು ಭಾಗ ಚಹಾ ಬಣ್ಣದಲ್ಲೇ ಇರುತ್ತದೆ. ಸಿಲ್ವರ್ ಓಕ್, ಹಲಸು, ಅತ್ತಿ ಎಲೆ ಉದುರಿ ಕೊಳೆಯುತ್ತಲೇ ಇರುತ್ತದೆ, ಮಳೆ ಹಿಡಿದರೆ ಕೆಮ್ಮಣ್ಣು ಬೇರೆ. ಒಂದು ಗೇಣು ಕೆಳಗಿಳಿದ ಮರಿಯ ಮೈ ಬಿಳಿಯೋ ಹಳದಿಯೋ ಗೊತ್ತಾಗುವುದಿಲ್ಲ. ಬೆನ್ನು ಸೊಟ್ಟಗಿದೆಯೇ, ಕಿವಿರಿನ ಮುಚ್ಚಳ ಮೋಟಾಗಿದೆಯೇ ಎಂಬುದಂತೂ ದೂರದ ಮಾತು. ಹಾಗಾಗಿ ಈ ವರ್ಷ ಮರಿ ಮಾಡಿಸುವುದಕ್ಕೂ ಮೊದಲು ಮರಿ ನೋಡುವ ಜಾಗ ಕಟ್ಟಿದೆ. ಅದನ್ನು ಕಟ್ಟಿದ್ದು ಹೇಗೆ, ಅದರಲ್ಲಿ ನೋಡಿ ಯಾವುದನ್ನು ಇಟ್ಟುಕೊಂಡೆ, ಯಾವುದನ್ನು ಬಿಟ್ಟೆ ಎಂಬುದರ ದಾಖಲೆ ಇದು.

ಹವ್ಯಾಸಕ್ಕೆ ಕೋಯ್ ಸಾಕುವವರು ಫಿಲ್ಟರಿಗೆ ಸಾವಿರಗಟ್ಟಲೆ ಸುರಿಯುತ್ತಾರೆ, ನೋಡುವ ತೊಟ್ಟಿಗೆ ನೂರು ರೂಪಾಯಿ ಬಿಚ್ಚುವುದಿಲ್ಲ. ನನ್ನ ಪ್ರಕಾರ ಅದು ತಲೆಕೆಳಗು. ಒಂದೇ ತೊಟ್ಟಿ, ಒಂದೇ ಬೆಳಕು, ಒಂದೇ ಎತ್ತರ ಇಲ್ಲದಿದ್ದರೆ ಮೇ ತಿಂಗಳಲ್ಲಿ ಕಂಡ ಮರಿಯನ್ನು ಆಗಸ್ಟಿನ ಮರಿಯ ಜೊತೆ ಯಾವ ಆಧಾರದ ಮೇಲೆ ಹೋಲಿಸುವುದು?

ಕೆರೆ

ತೋಟದಲ್ಲಿ ಕೆರೆ ಎರಡಿವೆ. ಮೇಲಿನದು ದೊಡ್ಡದು, ಹೂಮಳೆ ಕೈಕೊಟ್ಟರೆ ಫೆಬ್ರವರಿ-ಮಾರ್ಚಿನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುವುದು ಅದರಿಂದಲೇ. ಮರಿಗಳಿಗೆ ಅದು ಆಗದು, ಮೋಟಾರಿನ ಫುಟ್‌ವಾಲ್ವ್ ಎಲ್ಲವನ್ನೂ ಎಳೆದುಕೊಂಡುಬಿಡುತ್ತದೆ. ಕೆಳಗೆ ಗದ್ದೆ ಅಂಚಿನಲ್ಲಿರುವ ಸಣ್ಣ ಮಣ್ಣಿನ ಹೊಂಡವನ್ನು ಮೀನಿಗೆ ಬಿಟ್ಟಿದ್ದೇನೆ. 30 ಅಡಿ ಉದ್ದ, 20 ಅಡಿ ಅಗಲ, ಆಳ ಎದೆಮಟ್ಟಕ್ಕಿಂತ ಕಡಿಮೆ.

ಗದ್ದೆಯ ಮಗ್ಗುಲಲ್ಲಿ ಕೋಯ್ ಸಾಕುವುದನ್ನು ನೋಡಿ ನಗುವವರಿದ್ದಾರೆ. ಜಪಾನಿನ ನೀಗಾತಾ ಪ್ರಾಂತ್ಯದ ಯಾಮಾಕೋಶಿ ಗುಡ್ಡಗಳಲ್ಲಿ ಈ ಮೀನು ಹುಟ್ಟಿಕೊಂಡದ್ದೇ ಗದ್ದೆ ಬದುವಿನ ಹೊಂಡಗಳಲ್ಲಿ. ಊಟಕ್ಕೆಂದು ಸಾಕಿದ ಕಾರ್ಪ್ ಮೀನುಗಳಲ್ಲಿ ಬಣ್ಣದವು ಕಾಣಿಸಿದಾಗ ರೈತರು ಅವನ್ನು ಬೇರೆ ತೆಗೆದಿಟ್ಟರು. 1914ರಲ್ಲಿ ಟೋಕಿಯೋದ ತೈಶೋ ಪ್ರದರ್ಶನಕ್ಕೆ ಬಂದ ಮೇಲೆಯೇ ಹೊರಗಿನವರಿಗೆ ಅವುಗಳ ಹೆಸರು ಗೊತ್ತಾದದ್ದು. ಇವತ್ತಿಗೂ ಅಲ್ಲಿಯವರು ಬೇಸಿಗೆಯಲ್ಲಿ ಮಣ್ಣಿನ ಹೊಂಡಕ್ಕೆ ಬಿಟ್ಟು, ಹಿಮ ಬೀಳುವ ಮೊದಲು ಅಕ್ಟೋಬರ್ ಹೊತ್ತಿಗೆ ಹಿಡಿಯುತ್ತಾರೆ. ನಮಗೆ ಹಿಮದ ಕಾಟವಿಲ್ಲ, ಮಳೆಯದ್ದೇ ಕಾಟ.

ಹೊಂಡವನ್ನು ಜನವರಿಯಲ್ಲಿ ಬತ್ತಿಸಿ, ಬಿಸಿಲಿಗೆ ಒಣಗಿಸಿ, ತೋಟಕ್ಕೆ ತಂದ ಸುಣ್ಣವನ್ನೇ ಎರಚಿದೆ. ನೀರು ತುಂಬಿಸಿದ್ದು ಮೊಟ್ಟೆ ಇಡಿಸುವ ಹೊತ್ತಿಗೆ ಸರಿಯಾಗಿ, ಬಟ್ಟೆ ಕಟ್ಟಿ ಸೋಸಿ. ಮುಂಚೆಯೇ ತುಂಬಿಟ್ಟರೆ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ಮೊದಲು ಬೆಳೆದು ಕೂತಿರುತ್ತವೆ, ನಮ್ಮ ಮರಿಗಳು ಅವುಗಳ ಬಾಯಿಗೆ. ತಡವಾಗಿ ತುಂಬಿದರೆ ನೀರು ಹಸಿರಾಗುವುದಿಲ್ಲ, ಮರಿ ತಿನ್ನುವ ಸೂಕ್ಷ್ಮ ಜೀವಿಗಳು ಏಳುವುದಿಲ್ಲ.

ಒಂದು ಕೋಹಾಕು ಹೆಣ್ಣು, ಜೊತೆಗೆ ಎರಡು ಗಂಡು, ಒಂದು ಕೋಹಾಕು ಮತ್ತೊಂದು ಸಾಂಕೆ. ಕೋಹಾಕು ಅಂದರೆ ಬಿಳಿ ಮೈಮೇಲೆ ಕೆಂಪು, ಸಾಂಕೆ ಅಂದರೆ ಅದರ ಮೇಲೆ ಕಪ್ಪು ಚುಕ್ಕೆ ಕೂಡ. ಗಂಡನ್ನು ಗುರುತಿಸಿದ್ದು ಪಕ್ಕದ ರೆಕ್ಕೆಯ ಮೇಲೆ ಬೆರಳಾಡಿಸಿ, ಹದಕ್ಕೆ ಬಂದಾಗ ಅಲ್ಲಿ ಮರಳುಕಾಗದದಂತೆ ತರಿತರಿ ಇರುತ್ತದೆ. ಮೊಟ್ಟೆ ಅಂಟಿಕೊಳ್ಳಲು ಬೈನೆ ಮರದ ನಾರು ಬೇಯಿಸಿ, ಗೊಂಚಲು ಕಟ್ಟಿ ಇಳಿಬಿಟ್ಟೆ. ಜಪಾನಿನವರು ಹಿಂದೆ ಬಳಸುತ್ತಿದ್ದದ್ದೂ ತಾಳೆ ಜಾತಿಯ ನಾರೇ, ಹಾಗಾಗಿ ಪ್ಲಾಸ್ಟಿಕ್ ಜಾಲರಿ ಕೊಳ್ಳುವ ಅಗತ್ಯ ಕಾಣಲಿಲ್ಲ. ಬೆಳಗಿನ ಜಾವ ಮೊಟ್ಟೆ ಬಿತ್ತು. ದೊಡ್ಡ ಮೀನುಗಳನ್ನು ಆ ಕೂಡಲೇ ತೆಗೆಯಬೇಕು, ತಮ್ಮ ಮೊಟ್ಟೆಯನ್ನು ತಾವೇ ತಿನ್ನುತ್ತವೆ. ನೀರು 20 ಡಿಗ್ರಿ ಆಸುಪಾಸಿನಲ್ಲಿದ್ದರೆ ಮೊಟ್ಟೆ ಒಡೆಯಲು ನಾಲ್ಕೈದು ದಿನ. ಆಮೇಲೂ ಎರಡು ಮೂರು ದಿನ ಮರಿ ಹೊಟ್ಟೆಯ ಹಳದಿಯಲ್ಲೇ ಬದುಕುತ್ತದೆ, ಆ ಹೊತ್ತಿನಲ್ಲಿ ಮೇವು ಹಾಕಿದರೆ ನೀರು ಕೆಡುತ್ತದೆ ಅಷ್ಟೆ.

ತೊಟ್ಟಿ

ಈಗ ಮುಖ್ಯ ಕೆಲಸ. ಜಪಾನಿನ ಪ್ರದರ್ಶನಗಳಲ್ಲಿ ಮೀನನ್ನು ನೀಲಿ ತೊಟ್ಟಿಯಲ್ಲೇ ಇಡುತ್ತಾರೆ, ಮಾರುವವರೂ ನೀಲಿ ಬೋಗುಣಿಯಲ್ಲೇ ತೋರಿಸುತ್ತಾರೆ. ಬಿಳಿ ತೊಟ್ಟಿಯಲ್ಲಿ ಬಿಳಿ ಮೈ ಕರಗಿಹೋಗುತ್ತದೆ, ಕಪ್ಪು ತೊಟ್ಟಿಯಲ್ಲಿ ಕಪ್ಪು ಗುರುತು ಕಳೆದುಹೋಗುತ್ತದೆ, ನೀಲಿಯ ಮೇಲೆ ಬಿಳಿ, ಕೆಂಪು, ಕಪ್ಪು ಮೂರೂ ನಿಲ್ಲುತ್ತವೆ. ಆಮದು ಬೋಗುಣಿಯ ಬೆಲೆ ಕೇಳಿ ಸುಮ್ಮನಾಗಿ, 200 ಲೀಟರಿನ ನೀಲಿ ಡ್ರಮ್ಮಿನ ಹಿಂದೆ ಬಿದ್ದೆ.

ತೋಟದಲ್ಲಿ ನೀಲಿ ಡ್ರಮ್ಮಿಗೆ ಬರವಿಲ್ಲ. ಆದರೆ ಔಷಧಿ ಕಲಸಿದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಉಪ್ಪಿನಕಾಯಿಯೋ ಹಣ್ಣಿನ ರಸವೋ ಬಂದದ್ದೇ ಆಗಬೇಕು. ಕುಶಾಲನಗರದ ಗುಜರಿಯಲ್ಲಿ ಅಂಥ ಎರಡು ಸಿಕ್ಕಿದವು, ಮುಚ್ಚಳ ತೆರೆದರೆ ಮಾವಿನ ಉಪ್ಪಿನಕಾಯಿ ವಾಸನೆ ಗಮ್ಮೆಂದು ಹೊಡೆಯುತ್ತಿತ್ತು. ಸೋಪು ಮುಟ್ಟಿಸದೆ, ಅಡುಗೆ ಸೋಡಾ ನೀರು ತುಂಬಿ ಬಿಸಿಲಿಗಿಟ್ಟು, ಮತ್ತೆ ಮತ್ತೆ ಚೆಲ್ಲಿ ವಾಸನೆ ಕಳೆದೆ.

ಅಡಿಯಿಂದ ಒಂದಡಿ ಎತ್ತರಕ್ಕೆ ಸುತ್ತಲೂ ಗೆರೆ ಎಳೆದು ಜಿಗ್‌ಸಾದಲ್ಲಿ ಕತ್ತರಿಸಿದರೆ 58 ಸೆಂಟಿಮೀಟರ್ ಅಡ್ಡಗಲದ ಬಟ್ಟಲು ಸಿಗುತ್ತದೆ. ಕತ್ತರಿಸಿದ ಅಂಚು ಚಾಕುವಿನಷ್ಟೇ ಚೂಪು. ಹಳೇ ಹೋಸ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿನ ಮೇಲೆ ಕೂರಿಸಿದೆ. ಅಂಟು ಏನೂ ಬೇಡ, ಪೈಪು ತಾನೇ ಕಚ್ಚಿಕೊಳ್ಳುತ್ತದೆ. ಅಡಿಯಲ್ಲಿ ಹೋಲ್‌ಸಾದಿಂದ ತೂತು ಕೊರೆದು ಒಂದಿಂಚಿನ ಟ್ಯಾಂಕ್ ನಿಪ್ಪಲ್ ಹಾಕಿ, ಎರಡೂ ಕಡೆ ರಬ್ಬರ್ ವಾಷರ್ ಕೊಟ್ಟು ಬಿಗಿ ಮಾಡಿದೆ. ಒಳಗೆ ನಿಪ್ಪಲ್ ಮೇಲೆ 20 ಸೆಂಟಿಮೀಟರಿನ ಪಿವಿಸಿ ಪೈಪಿನ ತುಂಡು ನಿಲ್ಲಿಸಿದರೆ ನೀರಿನ ಮಟ್ಟ ಅಲ್ಲಿಗೇ ನಿಲ್ಲುತ್ತದೆ, ಹೆಚ್ಚಾದದ್ದು ಪೈಪಿನ ಬಾಯಿಂದ ಕೆಳಗೆ. ಬಾಯಿಗೆ ಸೊಳ್ಳೆಪರದೆಯ ಚೂರು ಸುತ್ತಿ ಕೇಬಲ್ ಟೈ. ತೊಟ್ಟಿ ಖಾಲಿ ಮಾಡಬೇಕಾದರೆ ಪೈಪ್ ಕಿತ್ತರಾಯಿತು. ತೂತಿನ ಸುತ್ತ ಎದ್ದ ಪ್ಲಾಸ್ಟಿಕ್ ಚಕ್ಕೆಯನ್ನು ಬ್ಲೇಡಿನಿಂದ ಕೆರೆದು ನುಣ್ಣಗೆ ಮಾಡುವುದನ್ನು ಮರೆಯಬಾರದು, ಮರಿಯ ರೆಕ್ಕೆ ಸೀಳಲು ಅಷ್ಟು ಸಾಕು.

ಎರಡು ತೊಟ್ಟಿಯನ್ನೂ ಸಿಮೆಂಟ್ ಬ್ಲಾಕಿನ ಮೇಲೆ ಸೊಂಟದ ಎತ್ತರಕ್ಕೆ ಕೂರಿಸಿದ್ದೇನೆ. ಒಂದರಲ್ಲಿ ನೋಡುವುದು, ಇನ್ನೊಂದು ಸರದಿ ಕಾಯುವ ಮರಿಗಳಿಗೆ. ಮೊದಲ ಆಯ್ಕೆಯಲ್ಲಿ ಸಾವಿರಾರು ಮರಿ ನೋಡಬೇಕು, ನೆಲಕ್ಕೆ ಬಗ್ಗಿ ಕೂತರೆ ಅರ್ಧ ಗಂಟೆಗೆ ಸೊಂಟ ಹೋಗುತ್ತದೆ, ಸೊಂಟ ನೋಯುವಾಗ ಕಣ್ಣು ಸೋಮಾರಿಯಾಗುತ್ತದೆ.

ಮೇಲೆ ಹೊದಿಕೆ. ತೋಟದವರ ಕೈಗೆ ಮೊದಲು ಸಿಗುವುದು ಹಸಿರು ಶೇಡ್‌ನೆಟ್. ಅದರಡಿ ಬಿಳಿ ಮೈ ಪಾಚಿಗಟ್ಟಿದ ಹಾಗೆ ಕಾಣುತ್ತದೆ, ಕೆಂಪು ಕಂದಾಗುತ್ತದೆ. ಕಣದ ಕಡೆ ಉಳಿದಿದ್ದ ಬಿಳಿ ಫೈಬರ್ ಶೀಟ್ ಎರಡು ಹಾಕಿದೆ. ಬಿಸಿಲು ನೇರ ಬೀಳದೆ ಬೆಳಕು ಹರಡಿಕೊಂಡು ಬರುತ್ತದೆ. ಜೂನ್ ಮೇಲೆ ಮಧ್ಯಾಹ್ನವೂ ಮಬ್ಬು, ಅದಕ್ಕೊಂದು 6500 ಕೆಲ್ವಿನ್ನಿನ ಎಲ್‌ಇಡಿ ಟ್ಯೂಬ್. ಹಳದಿ ಬಲ್ಬು ಮಾತ್ರ ಬೇಡವೇ ಬೇಡ, ಅದರಡಿ ಎಲ್ಲ ಮರಿಯೂ ಚೆಂದವೇ.

ನೋಡಿ ಆರಿಸಿದ ಮರಿಗಳಿಗೆ ಹೊಂಡದಲ್ಲಿ ತೇಲುವ ಬುಟ್ಟಿ ಮೂರು. ಮುಕ್ಕಾಲಿಂಚಿನ ಪಿವಿಸಿ ಪೈಪಿಗೆ ನಾಲ್ಕು ಎಲ್ಬೋ ಹಾಕಿ ಎರಡಡಿ ಚೌಕ ಮಾಡಿ, ಸಲ್ಯೂಷನ್ ಹಚ್ಚಿ ಗಾಳಿ ಹೋಗದಂತೆ ಮುಚ್ಚಿದರೆ ತೇಲುತ್ತದೆ. ಅದಕ್ಕೆ ನೈಲಾನ್ ಪರದೆಯ ಚೀಲ ಹೊಲಿದದ್ದು. ಬುಟ್ಟಿಗಳ ಹೆಸರು: ಇರಲಿ, ನೋಡೋಣ, ಬೇಡ. ಬಿಳಿ, ಹಳದಿ, ಕೆಂಪು ಟೇಪು ಸುತ್ತಿದೆ, ಇಲ್ಲದಿದ್ದರೆ ಸಂಜೆ ಹೊತ್ತಿಗೆ ಯಾವುದು ಯಾವುದೆಂದು ನಮಗೇ ಜಗಳ.

ಬಲೆಯ ಬಗ್ಗೆ ಒಂದು ಮಾತು. ಬಲೆ ಇರುವುದು ಮೀನನ್ನು ನೀರಲ್ಲಿ ದಾರಿಗೆ ತರಲು, ಎತ್ತಲು ಅಲ್ಲ. ಎತ್ತುವುದು ಬೋಗುಣಿಯಲ್ಲಿ, ನೀರಿನ ಸಮೇತ. ಬೆರಳಿನಷ್ಟುದ್ದದ ಮರಿಗಳಿಗೆ ಪ್ಲಾಸ್ಟಿಕ್ ಸೌಟು ಸಾಕು. ಮೈಮೇಲಿನ ಲೋಳೆ ಕಿತ್ತುಹೋದ ಮರಿಗೆ ಮಾರನೇ ವಾರ ಬೂಷ್ಟು ಹಿಡಿಯುತ್ತದೆ.

ನೀರು

ಕೊಡಗಿನ ನೀರು ಮೆದು. ಮಳೆನೀರು, ಗುಡ್ಡದ ಒರತೆ, ಸುಣ್ಣದಂಶ ಕಡಿಮೆ. ಕೋಯ್ ಸಾಕುವವರ ಅನುಭವದಲ್ಲಿ ಮೆದು ನೀರಿನಲ್ಲಿ ಬಿಳುಪು, ಕೆಂಪು ಚೆನ್ನಾಗಿ ಬರುತ್ತವೆ, ಗಡಸು ನೀರಿನಲ್ಲಿ ಕಪ್ಪು ಏಳುತ್ತದೆ. ಕೋಹಾಕು ಮರಿ ಮಾಡಿಸಲು ನಮ್ಮ ಜಾಗ ವಾಸಿ ಎಂದುಕೊಂಡದ್ದೇ ಅದಕ್ಕೆ. ಆದರೆ ಮೆದು ನೀರಿಗೆ ಆಮ್ಲವನ್ನು ತಡೆಯುವ ಶಕ್ತಿ ಇಲ್ಲ. ಮಳೆಗಾಲದಲ್ಲಿ ಪಿಎಚ್ ದಡಕ್ಕನೆ ಬೀಳುತ್ತದೆ, ಆಗ ಮೀನಿನ ಹೊಲಸು ಕರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಮಂಗಳೂರು ಕಡೆಯಿಂದ ಬರುವ ಮೀನಿನ ಗಾಡಿಯವರಿಗೆ ಹೇಳಿ ಮರುವಾಯಿ, ಅಂದರೆ ಕಪ್ಪೆಚಿಪ್ಪು, ಒಂದು ಚೀಲ ತರಿಸಿ, ಕುಟ್ಟಿ, ಬಲೆಗೆ ತುಂಬಿ ನೀರು ಬೀಳುವಲ್ಲಿ ಕಟ್ಟಿದ್ದೇನೆ. ಅದು ನಿಧಾನಕ್ಕೆ ಕರಗುತ್ತದೆ. ಅವಸರವಿದ್ದರೆ 1000 ಲೀಟರಿಗೆ 30 ಗ್ರಾಂ ಅಡುಗೆ ಸೋಡಾ ಹಾಕಿದರೆ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಕೆಎಚ್ (ಆಮ್ಲ ತಡೆಯುವ ಶಕ್ತಿಯ ಅಳತೆ) ಒಂದು ಡಿಗ್ರಿ ಏರುತ್ತದೆ.

ನೋಡುವ ತೊಟ್ಟಿಗೆ ಬೋರ್‌ವೆಲ್ ನೀರು, ತಿಳಿಯಾಗಿರುತ್ತದೆ ಎಂದು. ಹೊಸದಾಗಿ ಎತ್ತಿದ ನೀರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಹಿಂದಿನ ಸಂಜೆಯೇ ತುಂಬಿ ರಾತ್ರಿಯಿಡೀ ಏರ್‌ಸ್ಟೋನ್ ಓಡಿಸುತ್ತೇನೆ. 20 ಸೆಂಟಿಮೀಟರ್ ನೀರೆಂದರೆ 50 ಲೀಟರಿಗೆ ಸ್ವಲ್ಪ ಮೇಲೆ, ಅದಕ್ಕೆ ತೂಕ ಮಾಡಿ 150 ಗ್ರಾಂ ಕಲ್ಲುಪ್ಪು. ಸುಮಾರು 0.3 ಶೇಕಡಾ ಆಗುತ್ತದೆ, ಮುಟ್ಟಿ ಎತ್ತಿದ ಮರಿಗಳ ಆಯಾಸಕ್ಕೆ ಒಳ್ಳೆಯದು. ಆಯ್ಕೆಯ ಹಿಂದಿನ ದಿನ ಮೇವಿಲ್ಲ, ಹೊಟ್ಟೆ ತುಂಬಿದ ಮರಿ ಇಕ್ಕಟ್ಟಿನಲ್ಲಿ ನೀರು ಕೆಡಿಸುತ್ತದೆ, ಜೊತೆಗೆ ಉಬ್ಬಿದ ಹೊಟ್ಟೆ ಮೈಕಟ್ಟನ್ನೇ ಮರೆಸುತ್ತದೆ.

ಕಾಫಿ ನಾಡಿನಲ್ಲಿ ಮೀನು ಸಾಕುವವರು ಹೆದರಬೇಕಾದದ್ದು ಬೋರ್ಡೋ ದ್ರಾವಣಕ್ಕೆ. ಮುಂಗಾರಿನ ಮುಂಚೆ ಕಾಫಿಗೂ ಕಾಳುಮೆಣಸಿಗೂ ಮೈಲುತುತ್ತ-ಸುಣ್ಣ ಹೊಡೆಯುವುದು ಎಲ್ಲ ತೋಟದಲ್ಲೂ ಇದ್ದದ್ದೇ. ಮೈಲುತುತ್ತದ ತಾಮ್ರ ಮೀನಿಗೆ ವಿಷ, ಅದರಲ್ಲೂ ಮೆದು ನೀರಲ್ಲಿ ಅದರ ಹೊಡೆತ ಜಾಸ್ತಿ. ಹೊಂಡದ ಮೇಲ್ಗಡೆ ಒಂದೂವರೆ ಅಡಿ ಅಡ್ಡಚರಂಡಿ ತೆಗೆದು, ಗುಡ್ಡದಿಂದ ಇಳಿಯುವ ನೀರು ಹೊಂಡಕ್ಕೆ ಸೇರದೆ ಪಕ್ಕದಿಂದ ಹೋಗುವಂತೆ ಮಾಡಿದೆ, ತೆಗೆದ ಮಣ್ಣು ಹೊಂಡದ ಕಡೆ ಏರಿಯಾಯಿತು. ಔಷಧಿ ಕಲಸುವ ಬ್ಯಾರೆಲ್ ಹೊಂಡಕ್ಕಿಂತ ಕೆಳಗಿನ ಮಗ್ಗುಲಲ್ಲೇ ಇರಬೇಕೆಂದು ಆಳುಗಳಿಗೆ ಹೇಳಿದ್ದೇನೆ, ಕೈಕಾಲು ತೊಳೆಯುವುದೂ ಅಲ್ಲೇ.

ಮೊದಲ ಆಯ್ಕೆ, ಏಪ್ರಿಲ್

ಮರಿ ಒಂದಿಂಚು ದಾಟಿದಾಗ ಮೊದಲ ಸುತ್ತು. ಇಲ್ಲಿ ಚಿತ್ತಾರದ ಚೆಂದ ಅಳೆಯುವುದಿಲ್ಲ. ಸೊಟ್ಟ ಬೆನ್ನು, ಒಂದು ಪಕ್ಕದ ರೆಕ್ಕೆ ಚಿಕ್ಕದು, ಕಿವಿರಿನ ಮುಚ್ಚಳ ಮೋಟು, ಬಾಯಿ ಒಂದು ಕಡೆ ಎಳೆದದ್ದು, ಕಣ್ಣು ಒಂದೇ ಇದ್ದದ್ದು, ಎಲ್ಲ ಬೇಡ. ಪೂರ್ತಿ ಕೆಂಪು, ಪೂರ್ತಿ ಬಿಳಿ ಮರಿಗಳನ್ನೂ ಇದೇ ಸುತ್ತಿನಲ್ಲಿ ತೆಗೆಯುತ್ತೇವೆ, ಕೋಹಾಕು ಮರಿಗೆ ಇಲ್ಲದ ಕೆಂಪು ಮುಂದೆ ಹುಟ್ಟಿಕೊಳ್ಳುವುದಿಲ್ಲ. ಒಂದು ಬಣ್ಣದ ಮರಿ ಬರೀ ಜಾಗ ತಿನ್ನುತ್ತದೆ.

ಬೆನ್ನು ನೋಡಲು ಮರಿಯನ್ನು ಹಿಡಿಯುವುದಲ್ಲ, ಈಜಲು ಬಿಡುವುದು. ತೊಟ್ಟಿಯ ಗೋಡೆಗುಂಟ ನಿಧಾನವಾಗಿ ಸುತ್ತುವಾಗ ಮೂತಿಯಿಂದ ಬಾಲದ ಬುಡದವರೆಗೆ ಗೆರೆ ಒಂದೇ ಆಗಿರಬೇಕು. ಸೊಂಟದ ಹತ್ತಿರ ಸಣ್ಣ ತಿರುವು ಇದ್ದ ಮರಿ ನೇರ ಹೋಗುವಾಗ ತಲೆ ಎಡಬಲಕ್ಕೆ ಆಡಿಸುತ್ತದೆ. ಒಂದು ಸೌಟಿನಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಹಾಕಬೇಡಿ, ಕಣ್ಣು ಚಂದದ್ದರ ಮೇಲೆ ನಿಂತು ಉಳಿದದ್ದರ ದೋಷ ತಪ್ಪಿಹೋಗುತ್ತದೆ.

ಶೋವಾ ಎಂಬ ಇನ್ನೊಂದು ಬಗೆಯ ಕೋಯ್ ಮಾಡುವವರಿಗೆ ಈ ಕೆಲಸ ತೀರಾ ಬೇಗ ಬರುತ್ತದೆ. ಅವುಗಳ ಮೈ ಮೂಲದಲ್ಲೇ ಕಪ್ಪು, ಹಾಗಾಗಿ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಕಪ್ಪಗಿದ್ದವನ್ನು ಇಟ್ಟುಕೊಂಡು ತಿಳಿಬಣ್ಣದವನ್ನು ತೆಗೆಯಬೇಕು. ಕೋಹಾಕುವಿನಲ್ಲಿ ಕಾಯಲು ಸಮಯವಿದೆ.

ಎರಡನೇ ಸುತ್ತು, ಮೇ ಕೊನೆ

ಈ ಸುತ್ತಿಗೆ ನಮ್ಮ ಭಾವ ಬಂದಿದ್ದರು. ಹೊಸಬರ ಕಣ್ಣು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಅವರಿಗಿಂತ ಬೇರೆ ಬೇಕಿಲ್ಲ.

"ಇದು ಇರಲಿ ಬುಟ್ಟಿಗೆ. ಏನು ಕೆಂಪು ನೋಡೋ!"

"ಭಾವ, ಅದರ ಬಾಲದ ಬುಡ ನೋಡಿ."

"ಬಾಲ ಯಾರಿಗೆ ಬೇಕು? ನಾಳೆ ಜನ ನೋಡೋದು ಕೆಂಪನ್ನೇ."

ಮೂರಿಂಚಿನ ಮರಿ. ಕೆಂಪು ನಿಜಕ್ಕೂ ಉರಿಯುತ್ತಿತ್ತು. ಆದರೆ ಬೆನ್ನಿನ ರೆಕ್ಕೆ ಮುಗಿದಲ್ಲಿಂದ ಮೈ ಒಮ್ಮೆಲೇ ಸಣ್ಣಗಾಗಿ ಬಾಲಕ್ಕೆ ಹೋಗಿತ್ತು. ಕೋಯ್ ಮೀನನ್ನು ಮೇಲಿನಿಂದಲೇ ನೋಡುವುದು. ಭುಜ ಅಗಲವಾಗಿ, ಅಲ್ಲಿಂದ ಬಾಲದವರೆಗೆ ತೂಕ ನಿಧಾನಕ್ಕೆ ಇಳಿಯಬೇಕು, ಬಾಲದ ಬುಡ ದಪ್ಪಗಿರಬೇಕು. ಇಷ್ಟು ಚಿಕ್ಕದರಲ್ಲೇ ಎಲ್ಲ ಬಣ್ಣ ಗಟ್ಟಿಯಾಗಿ, ಮೈ ಸಪೂರವಾಗಿ, ಪೂರ್ತಿ ಮುಗಿದ ಹಾಗೆ ಕಾಣುವ ಮರಿ ಬಹುತೇಕ ಗಂಡಾಗುತ್ತದೆ, ಗಂಡು ಬೇಗ ಅರಳಿ ಬೇಗ ನಿಲ್ಲುತ್ತದೆ. ಈ ವಯಸ್ಸಿನಲ್ಲಿ ಹೆಣ್ಣು ಗಂಡು ಖಚಿತವಾಗಿ ಹೇಳಲಾಗದು, ಮೈಕಟ್ಟು ನೋಡಿ ಊಹಿಸಬೇಕು ಅಷ್ಟೆ. ಭಾವನ ಮಾತಿಗೆ ಆ ಮರಿ 'ನೋಡೋಣ' ಬುಟ್ಟಿಗೆ ಹೋಯಿತು.

ಪ್ರದರ್ಶನದ ತೀರ್ಪುಗಾರರೂ ಮೊದಲು ಮೈಕಟ್ಟು, ಆಮೇಲೆ ಬಣ್ಣ ಮತ್ತು ಚರ್ಮದ ಗುಣ, ಕೊನೆಗೆ ಚಿತ್ತಾರ ನೋಡುತ್ತಾರೆ. ಕೊಳ್ಳಲು ಹೋದ ನಾವು ಇದನ್ನು ಹಿಂದುಮುಂದಾಗಿ ಮಾಡುತ್ತೇವೆ. ಚಿತ್ತಾರ ಫೋಟೋದಲ್ಲಿ ಕಾಣುತ್ತದೆ, ಮೈ ಕಾಣುವುದಿಲ್ಲ.

ಇನ್ನು ಕೆಂಪು. ನಾನು ಹುಡುಕುವುದು ಕೊಡಗಿನ ಕಿತ್ತಳೆ ಹಣ್ಣಾಗುತ್ತಾ ಬಂದಾಗ ಇರುತ್ತದಲ್ಲ, ಆ ಛಾಯೆ, ಅದೂ ತಲೆಯಿಂದ ಬಾಲದವರೆಗೆ ಒಂದೇ ಸಮ. ತಲೆಯ ಮೇಲೊಂದು ಕೆಂಪು, ಬೆನ್ನ ಮೇಲೊಂದು ಕೆಂಪು ಇದ್ದರೆ ಬೇಡ. ಮಸುಕಾಗಿದ್ದರೂ ಸಮವಾಗಿದ್ದರೆ ಮುಂದೆ ದಪ್ಪವಾಗುತ್ತದೆ. ತೀರಾ ಗಾಢವಾಗಿ, ಗಡುಸಾಗಿ ಕಾಣುವ ಕೆಂಪು ಮರಿಯಲ್ಲೇ ತನ್ನ ಎತ್ತರ ಮುಟ್ಟಿಬಿಟ್ಟಿರುವ ಸಾಧ್ಯತೆ ಹೆಚ್ಚು.

ನನಗೆ ಇಷ್ಟವಾಗಿ ಇಟ್ಟುಕೊಂಡ ಒಂದರ ಬಗ್ಗೆ ಬರೆಯುತ್ತೇನೆ. ಅದರ ಕೆಂಪು ಬಣ್ಣ ಎರಡು ಕಣ್ಣುಗಳ ನಡುವೆ ಶುರುವಾಗಿ, ಮೂತಿಗೆ ಇಳಿಯದೆ ಅಲ್ಲೇ ದುಂಡಗೆ ನಿಂತಿದೆ. ಭುಜದ ಹಿಂದೆ ಬಿಳಿ ಒಳನುಗ್ಗಿ ಕೆಂಪನ್ನು ಕತ್ತರಿಸಿದೆ. ಎರಡನೇ ಪಟ್ಟೆ ಬೆನ್ನಿನ ರೆಕ್ಕೆಯ ಕೆಳಗೆ, ಎಡಕ್ಕೆ ಸ್ವಲ್ಪ ಹೆಚ್ಚು ಇಳಿದಿದೆ. ಬಾಲಕ್ಕೆ ಮುಂಚೆ ಒಂದು ಬೆರಳು ಬಿಳಿ ಉಳಿದಿದೆ, ಜಪಾನಿನವರು ಓದೋಮೆ ಎನ್ನುವ ನಿಲುಗಡೆ. ಕೈಗನ್ನಡಿ ಹಿಡಿದು ಎರಡನೇ ಪಟ್ಟೆಯ ಅಂಚು ನೋಡಿದೆ. ಹಿಂಬದಿಯ ಅಂಚಿನಲ್ಲಿ ಹುರುಪೆ ಒಂದೋ ಪೂರ್ತಿ ಕೆಂಪು, ಇಲ್ಲ ಪೂರ್ತಿ ಬಿಳಿ, ಅರೆಬರೆ ಒಂದೂ ಇಲ್ಲ. ಮುಂಬದಿಯ ಅಂಚು ಮಾತ್ರ ಮಬ್ಬು ಗುಲಾಬಿ. ಅದು ದೋಷವಲ್ಲ, ಅಲ್ಲಿ ಮುಂದಿನ ಬಿಳಿ ಹುರುಪೆ ಹಿಂದಿನ ಕೆಂಪು ಹುರುಪೆಯ ಮೇಲೆ ಹೊದ್ದುಕೊಂಡಿರುತ್ತದೆ, ಅಡಿಯ ಕೆಂಪು ಬಿಳಿಯೊಳಗಿಂದ ಇಣುಕುತ್ತದೆ. ಇದಕ್ಕೆ ಸಾಶಿ ಎನ್ನುತ್ತಾರೆ, ಹಿಂಬದಿಯ ಚೂಪು ಅಂಚಿಗೆ ಕಿವಾ. ವಯಸ್ಸಾದಂತೆ ಹುರುಪೆ ದಪ್ಪವಾಗಿ ಸಾಶಿ ಮುಚ್ಚಿಕೊಳ್ಳುತ್ತಾ ಬರುತ್ತದೆ. ಮರಿಯಲ್ಲಿ ಎರಡೂ ಕಡೆ ಮಬ್ಬಾಗಿದ್ದರೆ ಕೆಂಪು ಕರಗುವ ಸೂಚನೆ ಎಂದು ತಿಳಿದು ಆ ಮರಿಯನ್ನು ಕೈಬಿಡುತ್ತೇನೆ.

ಪಟ್ಟೆ ದೊಡ್ಡದಿರಬೇಕು ಎಂಬುದು ಇನ್ನೊಂದು. ಮೂರಿಂಚಿನ ಮೈ ಮುಂದೆ ಎರಡಡಿಗೆ ಹಿಗ್ಗುವಾಗ ಚರ್ಮ ಎಳೆದುಕೊಳ್ಳುತ್ತದೆ. ಈಗ ನಾಜೂಕಾಗಿ ಚಂದ ಕಾಣುವ ಸಣ್ಣ ಸಣ್ಣ ಕೆಂಪುಗಳು ಆಗ ಚದುರಿ ಒಡೆದ ಹಾಗೆ ಕಾಣುತ್ತವೆ. ಈಗ ಸ್ವಲ್ಪ ಭಾರವೆನಿಸುವ ಪಟ್ಟೆಯೇ ಮುಂದೆ ಅಳತೆಗೆ ಬರುವುದು. ಪಟ್ಟೆಯೊಳಗೆ ಒಂದೆರಡು ಹುರುಪೆ ಬಿಳಿಯಾಗಿ ಕಿಟಕಿ ಬಿದ್ದಿದ್ದರೆ ಬೇಡ. ತಲೆಯ ಮೇಲಷ್ಟೇ ದುಂಡು ಕೆಂಪು ಇರುವ ತಾಂಚೋ ಒಂದಾದರೂ ಸಿಗಲಿ ಎಂದು ಎಲ್ಲರಿಗೂ ಆಸೆ. ಅದನ್ನು ಬೇಕೆಂದು ಮಾಡಿಸಲು ಬರುವುದಿಲ್ಲ, ಕೋಹಾಕು ಮರಿಗಳ ನಡುವೆ ಅದೃಷ್ಟಕ್ಕೆ ಬರಬೇಕು. ಸಿಕ್ಕಿದ್ದೊಂದರ ಬೊಟ್ಟು ಕಣ್ಣಿನ ಮೇಲೆ ಇಳಿದಿತ್ತು.

ಅಂಗಡಿಯಿಂದ ಕೊಳ್ಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಸ್ಪಿರುಲಿನಾ, ಅಸ್ಟಾಕ್ಸಾಂತಿನ್ ಹಾಕಿದ ಬಣ್ಣದ ಮೇವು ತಿನ್ನಿಸಿದರೆ ಕೆಂಪು ಕೆಲವು ವಾರಕ್ಕೆ ಮಿಂಚುತ್ತದೆ. ಒಮ್ಮೆ ದೂರದ ಊರಿನ ಅಂಗಡಿಯಿಂದ ತಂದ ಮರಿಗಳ ಕೆಂಪು ನಮ್ಮಲ್ಲಿ ಸಾಧಾರಣ ಮೇವಿಗೆ ಬಂದ ಮೇಲೆ ಅರ್ಧಕ್ಕೆ ಇಳಿಯಿತು. ಬಣ್ಣದ ಮೇವು ಅತಿಯಾಯಿತೇ ಎಂದು ತಿಳಿಯಲು ಬಿಳಿ ನೋಡಬೇಕು: ತಲೆಯ ಬಿಳಿ ಗುಲಾಬಿಗೋ ಹಳದಿಗೋ ತಿರುಗಿರುತ್ತದೆ. ತಂದ ಮರಿಗಳನ್ನು ಕನಿಷ್ಠ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡದೆ ಹಳೆಯವುಗಳ ಜೊತೆ ಬಿಡಬಾರದು. ಮೀನನ್ನೇ ಕೊಲ್ಲುವ ಕೋಯ್ ಹರ್ಪಿಸ್ ವೈರಸ್ ಕೆಲಸ ಮಾಡುವುದು 16ರಿಂದ 28 ಡಿಗ್ರಿ ಒಳಗೆ, ಅಂದರೆ ನಮ್ಮ ಕೊಡಗಿನ ನೀರು ವರ್ಷದ ಬಹುಭಾಗ ಇರುವ ಶಾಖದಲ್ಲೇ.

ಸಾಂಕೆ ಮರಿಗಳ ಕಪ್ಪನ್ನು ಈಗಲೇ ತೀರ್ಮಾನಿಸುವುದಿಲ್ಲ. ಕಪ್ಪು ಮುಳುಗುತ್ತದೆ, ಮತ್ತೆ ಏಳುತ್ತದೆ. ಚರ್ಮದಡಿ ನೀಲಿಬೂದಿ ಬಣ್ಣದ ನೆರಳು ಕಂಡರೆ ಅದು ಮೇಲೇಳಬೇಕಾದ ಕಪ್ಪು, ಹಾಗಿದ್ದವೆಲ್ಲ 'ನೋಡೋಣ'. ತಲೆಯ ಮೇಲೆ ಕಪ್ಪು ಬಂದ ಸಾಂಕೆ ಮಾತ್ರ ಬೇಡ. ಇನ್ನೊಂದು ಸಂಗತಿ: ತಿಳಿಬಣ್ಣದ ತೊಟ್ಟಿಯಲ್ಲಿ ತುಂಬಾ ಹೊತ್ತು ಬಿಟ್ಟರೆ ಮೀನು ತಾನೇ ಪೇಲವವಾಗುತ್ತದೆ, ಬೆದರಿದಾಗಲೂ ಹಾಗೆಯೇ. ಹಾಕಿ ಐದು ನಿಮಿಷ ಸುಮ್ಮನಿದ್ದು, ಆಮೇಲೆ ಹತ್ತು ನಿಮಿಷದೊಳಗೆ ನೋಡಿ ಮುಗಿಸುವುದು ನಮ್ಮ ಕ್ರಮ.

ಫೋಟೋಗೆ ಪಿವಿಸಿ ಪೈಪಿನದ್ದೇ ಒಂದು ತೋಳು, ತುದಿಗೆ ಮೊಬೈಲ್ ಹಿಡಿಕೆ. ತೊಟ್ಟಿಯ ತಳಕ್ಕೆ ಸ್ಟೀಲ್ ಸ್ಕೇಲ್ ಅಂಟಿಸಿದೆ. ಹೆಸರು ಇಡುವುದಿಲ್ಲ, ತಲೆಯ ಕೆಂಪಿನ ಆಕಾರ ನೋಟ್‌ಬುಕ್ಕಿನಲ್ಲಿ ಬರೆದರೆ ಮುಂದಿನ ಸಲ ಗುರುತು ಸಿಗುತ್ತದೆ.

ಬೇಡವಾದವು

ಈ ವಿಷಯ ಬಂದಾಗ ಕೋಯ್ ಸಾಕುವವರು ಮಾತು ಬದಲಿಸುತ್ತಾರೆ. ಒಂದು ಹೆಣ್ಣು ಮೈತೂಕದ ಕಿಲೋಗೆ ಲಕ್ಷದ ಮೇಲೆ ಮೊಟ್ಟೆ ಇಡುತ್ತದೆ, ಇಟ್ಟುಕೊಳ್ಳುವುದು ಬೆರಳೆಣಿಕೆ. ತೋಡಿಗೆ ಬಿಟ್ಟರಾಯಿತು ಎನ್ನುವವರು ನಮ್ಮೂರಲ್ಲೂ ಇದ್ದಾರೆ. ನಮ್ಮ ತೋಡು ಹಾರಂಗಿಗೆ, ಹಾರಂಗಿ ಕಾವೇರಿಗೆ. ಕಾವೇರಿ ಕೊಳ್ಳದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ ಮೀನನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿದೆ. ಕೋಯ್ ಎಷ್ಟು ಬಣ್ಣ ಹೊದ್ದರೂ ಕಾರ್ಪ್ ಮೀನೇ, ತಳದ ಕೆಸರು ಅಗೆದು ನೀರು ಕದಡುವ ಅದರ ಬುದ್ಧಿ ಬಿಡುವುದಿಲ್ಲ. ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆ ಮಹಶೀರ್ ಮರಿ ಮಾಡಿ ನದಿಗೆ ಬಿಡುವಾಗ, ನಾವು ಮೇಲಿನಿಂದ ಕಾರ್ಪ್ ಹರಿಯಬಿಡುವುದು ಯಾವ ನ್ಯಾಯ?

ಅಂಗವಿಕಲ ಮರಿಗಳನ್ನು ಲವಂಗದ ಎಣ್ಣೆ ಗಟ್ಟಿಯಾಗಿ ಕಲಸಿದ ನೀರಿಗೆ ಹಾಕುತ್ತೇನೆ, ಅರಿವು ತಪ್ಪಿ ಹೋಗುತ್ತವೆ. ಆಮೇಲೆ ಕಾಂಪೋಸ್ಟ್ ಗುಂಡಿ. ಆರೋಗ್ಯವಾಗಿದ್ದು ಚಿತ್ತಾರವಿಲ್ಲದವು ಹೊರಹರಿವಿಲ್ಲದ ಸಿಮೆಂಟ್ ತೊಟ್ಟಿ ಇರುವವರಿಗೆ, ಹೊಳೆಗೆ ಬಿಡಬಾರದೆಂಬ ಮಾತಿನ ಮೇಲೆ.

ಹೊಂಡದ ಕೋಡಿಗೂ ಅದೇ ಕಾರಣಕ್ಕೆ ಎರಡು ಪದರ ಜಾಲರಿ ಬೇಕಾಯಿತು. ಒಂದೇ ಪದರವಾದರೆ ಎಲೆ ಕಟ್ಟಿಕೊಂಡು ನೀರು ಉಕ್ಕಿ ಏರಿಯ ಮೇಲಿಂದಲೇ ಹರಿಯುತ್ತದೆ. ಹೊರಗೆ ಕೋಳಿ ಜಾಲರಿಯನ್ನು ಅರ್ಧವೃತ್ತದಲ್ಲಿ ನಿಲ್ಲಿಸಿ ಎಲೆ ತಡೆದು, ಒಳಗೆ ಸಣ್ಣ ಕಣ್ಣಿನ ನೈಲಾನ್. ಜುಲೈಯಲ್ಲಿ ಮಳೆ ಬಿಡದೆ ಹಿಡಿದಾಗ ದಿನಕ್ಕೆ ಎರಡು ಹೊತ್ತು ಎಲೆ ಬಳಿಯುವ ಕೆಲಸ, ಕೊಡೆ ಹಿಡಿದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು. ಮಿಂಚುಳ್ಳಿ, ನೀರುಕಾಗೆಗೆ ಮೇಲೆ ಅಡ್ಡಡ್ಡ ನೈಲಾನ್ ದಾರ ಕಟ್ಟಿದ್ದೇನೆ. ದಾರಕ್ಕೆ ನೀರುಕಾಗೆ ಹೆದರಿತು, ಮಿಂಚುಳ್ಳಿ ಅದರ ಮೇಲೆಯೇ ಕೂತಿತು. ಆಮೇಲೆ ಬಲೆಯನ್ನೇ ಹೊದಿಸಿದೆ.

ಅಕ್ಟೋಬರ್

ಮಳೆ ಹಿಂದೆ ಸರಿದ ಮೇಲೆ ಹೊಂಡ ಇಳಿಸಿ ಮೂರನೇ ಸುತ್ತು ಮಾಡಿದೆವು. ದೊಡ್ಡವು ಆರಿಂಚು. ಕಿತ್ತಳೆ ಛಾಯೆಯ ಆ ಮರಿಯ ಕೆಂಪು ದಪ್ಪವಾಗಿದೆ, ಕಿವಾ ಹಾಗೇ ಇದೆ, ಭುಜ ತುಂಬಿದೆ. ಆದರೆ ಬಲ ಕೆನ್ನೆಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ, ಶಿಮಿ ಎನ್ನುವ ದೋಷ, ಹೊಸದಾಗಿ ಬಂದಿದೆ. ಹೋಗಲೂಬಹುದು. ಭಾವ ಆರಿಸಿದ್ದು ಅರ್ಧ ಇಂಚು ಗಿಡ್ಡ ಉಳಿದಿದೆ, ಕೆಂಪು ಮಾತ್ರ ಹೊಂಡದಲ್ಲಿದ್ದಾಗಲೂ ಎದ್ದು ಕಾಣುತ್ತಿತ್ತು. "ನಿನ್ನ ಚುಕ್ಕೆ ಮೀನು ನೀನೇ ಇಟ್ಕೋ" ಎಂದು ಭಾವ ತಾವು ಆರಿಸಿದ್ದನ್ನು ಸೋಮವಾರಪೇಟೆಗೆ ತಮ್ಮ ಮನೆಯ ತೊಟ್ಟಿಗೆ ಕೊಂಡೊಯ್ದರು. ಸಾಂಕೆಗಳಲ್ಲಿ ಎರಡಕ್ಕೆ ಭುಜದ ಮೇಲೆ ಕಪ್ಪು ಏಳುತ್ತಿದೆ, ಉಳಿದವು ಇನ್ನೂ 'ನೋಡೋಣ' ಬುಟ್ಟಿಯಲ್ಲೇ.

58 ಸೆಂಟಿಮೀಟರಿನ ತೊಟ್ಟಿ ಆರಿಂಚಿನ ಮೀನಿಗೆ ಸಾಲದು, ತಿರುಗುವಷ್ಟರಲ್ಲಿ ಗೋಡೆ ಬಂದು ಮೈ ಬಗ್ಗುತ್ತದೆ, ನೇರ ಗೆರೆ ಸಿಗುವುದಿಲ್ಲ. ಮುಂದಿನ ಸುತ್ತಿಗೆ ಒಂದು ಮೀಟರ್ ಅಡ್ಡಗಲದ ಫೈಬರ್ ತೊಟ್ಟಿ ಬೇಕು, ಕುಶಾಲನಗರದಲ್ಲಿ ನೀರಿನ ತೊಟ್ಟಿ ಮಾಡುವವರೊಬ್ಬರು ಒಳಗೆ ನೀಲಿ ಜೆಲ್‌ಕೋಟ್ ಹಾಕಿಕೊಡಲು ಒಪ್ಪಿದ್ದಾರೆ. ಸಿಮೆಂಟ್ ಕಟ್ಟೆಯನ್ನು ನವೆಂಬರ್ ಒಳಗೆ ಅಗಲ ಮಾಡಬೇಕು, ಅರೇಬಿಕಾ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರಿನ ಗುಂಡಿಯಿಂದ ಹೊಂಡದ ಕಡೆ ಬಸಿಯುತ್ತಿದೆಯೇ ಎಂದೂ ಅದೇ ವಾರ ಅಗೆದು ನೋಡುವುದಿದೆ.